ಗ್ರಂಥಿಗೆ ಅಂಗಡಿಯ ಜಗಲಿಯಿಂದ: ಈ ಸಲ ಇಂಗು

ಹೋದ ತಿಂಗಳು ಜೀರಿಗೆ ಕಷಾಯದ ಬಗ್ಗೆ ಬರೆಯುತ್ತಾ, ‘ಈಗ ಸಿಗುವ ಇಂಗಿನಲ್ಲಿ ಇಂಗಿಗಿಂತ ಹಿಟ್ಟೇ ಜಾಸ್ತಿ’ ಎಂದು ಒಂದು ಸಾಲು ಸೇರಿಸಿದ್ದೆ. ಜೀರಿಗೆಯನ್ನು ಯಾರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಇಂಗಿನವೇ. ಕೆಲವರು ಬೈದಿದ್ದಾರೆ, ಒಬ್ಬರು ತಮ್ಮ ಮನೆಯ ಇಂಗಿನ ಪೊಟ್ಟಣವನ್ನೇ ಲಕೋಟೆಯಲ್ಲಿಟ್ಟು ಕಳಿಸಿದ್ದಾರೆ. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಇಂಗಿಗೆ.

ಹೊಸ ಓದುಗರಿಗೆ ಒಂದು ಮಾತು. ನಾನು ವೈದ್ಯನಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿದ್ದ ನಮ್ಮ ತಂದೆಯವರ ಗ್ರಂಥಿಗೆ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ತಕ್ಕಡಿ ಹಿಡಿದವನು. ಮದ್ದು ತೂಗಿ ಕೊಡುವವನೇ ಬೇರೆ, ಕಾಯಿಲೆ ಗೊತ್ತುಮಾಡುವವನೇ ಬೇರೆ ಎಂಬುದು ನನ್ನ ತಲೆಗೆ ಹತ್ತಿದ್ದು ಒಂದು ಪೆಟ್ಟು ತಿಂದ ಮೇಲೆ. ಆ ಕಥೆ ಕೆಳಗೆ ಬರುತ್ತದೆ.

ನನ್ನ ಮಗುವಿಗೆ ಎರಡು ತಿಂಗಳು. ಸಂಜೆಯಾದರೆ ಕಾಲು ಮಡಚಿಕೊಂಡು ಒಂದೇ ಸಮನೆ ಅಳುತ್ತದೆ. ಹೊಕ್ಕುಳ ಸುತ್ತ ಇಂಗು ಹಚ್ಚಬೇಕು, ಎರಡು ತೊಟ್ಟು ಇಂಗಿನ ನೀರನ್ನು ಬಾಯಿಗೂ ಹಾಕಬೇಕು ಎನ್ನುತ್ತಾರೆ ಅತ್ತೆ. ಮಕ್ಕಳ ಡಾಕ್ಟರು ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಕೂಡದು ಎಂದಿದ್ದಾರೆ. ಯಾರ ಮಾತು ಕೇಳಲಿ?
— ಬಾಣಂತಿ, ಶಿರಸಿ

ಬಾಯಿಗೆ ಹಾಕುವ ವಿಷಯದಲ್ಲಿ ಡಾಕ್ಟರ ಮಾತೇ ಕೊನೆ, ತಾಯಿ. ಇಂಗಿನ ನೀರು ಬೇಡ, ಒಂದು ತೊಟ್ಟೂ ಬೇಡ. 1984ರಲ್ಲಿ ಅಮೆರಿಕದ ಮಕ್ಕಳ ವೈದ್ಯಪತ್ರಿಕೆಯೊಂದರಲ್ಲಿ ಐದು ವಾರದ ಕೂಸಿನ ಪ್ರಕರಣವೊಂದು ವರದಿಯಾಗಿತ್ತು. ಹೊಟ್ಟೆನೋವಿಗೆಂದು ಗ್ಲಿಸರಿನ್‌ನಲ್ಲಿ ಬೆರೆಸಿದ ಇಂಗನ್ನು ಕುಡಿಸಿದ್ದರು. ಕೂಸಿನ ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದಂತೆ ಕೆಟ್ಟಿತು. ಹಸುಗೂಸಿನ ಹಿಮೋಗ್ಲೋಬಿನ್ ದೊಡ್ಡವರದಕ್ಕಿಂತ ಬೇಗ ಹಾಗೆ ಕೆಡುತ್ತದೆ. ‘ನಾವೆಲ್ಲ ಕುಡಿದು ಬೆಳೆದಿಲ್ಲವೇ’ ಎಂದು ಅತ್ತೆಯವರು ಕೇಳಬಹುದು. ಬೆಳೆದಿದ್ದೀರಿ, ನಿಜ. ಬೆಳೆಯದವರು ಪತ್ರ ಬರೆಯುವುದಿಲ್ಲವಲ್ಲ.

ಹೊರಗೆ ಹಚ್ಚುವುದರಲ್ಲಿ ಅತ್ತೆಯವರಿಗೆ ಅರ್ಧ ಗೆಲುವು ಕೊಡುತ್ತೇನೆ. ಹೊಕ್ಕುಳಬಳ್ಳಿ ಬಿದ್ದು ಗಾಯ ಪೂರ್ತಿ ಒಣಗಿರಬೇಕು. ಸಾಸಿವೆ ಕಾಳಿನಷ್ಟು ಇಂಗನ್ನು ಒಂದು ಚಮಚ ಬೆಚ್ಚನೆಯ ಕೊಬ್ಬರಿ ಎಣ್ಣೆಯಲ್ಲಿ ಕದಡಿ, ಮೊದಲು ಮಗುವಿನ ಕಾಲಿಗೆ ಒಂದು ಬೊಟ್ಟು ಹಚ್ಚಿ ಒಂದು ದಿನ ನೋಡಿ. ಕೆಂಪಗಾಗದಿದ್ದರೆ ಹೊಕ್ಕುಳ ಗುಳಿಯನ್ನು ಬಿಟ್ಟು ಅದರ ಸುತ್ತ ಸವರಬಹುದು. ಹೀಗೆ ಹಚ್ಚಿದಾಗ ಮಗು ಸುಮ್ಮನಾಗುವುದು ಇಂಗಿನಿಂದಲೋ, ಅಜ್ಜಿಯ ಬೆಚ್ಚನೆಯ ಅಂಗೈ ಹೊಟ್ಟೆಯ ಮೇಲೆ ನಿಧಾನವಾಗಿ ಸುತ್ತುವುದರಿಂದಲೋ? ನನಗೆ ಅಂಗೈ ಮೇಲೇ ಹೆಚ್ಚು ನಂಬಿಕೆ. ಇಂಗಿಲ್ಲದ ಎಣ್ಣೆಯಲ್ಲೂ ಒಂದು ಸಂಜೆ ಪ್ರಯತ್ನಿಸಿ.

ಈ ಸಂಜೆಯ ಅಳು ಮೂರು-ನಾಲ್ಕು ತಿಂಗಳಿಗೆ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಆದರೆ ಮಗು ಹಸಿರು ವಾಂತಿ ಮಾಡಿದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಹಾಲು ಒಲ್ಲೆನೆಂದರೆ ಎಣ್ಣೆಯ ಬಟ್ಟಲನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿ.

ನಾನು ನಿವೃತ್ತ ಶಿಕ್ಷಕ. ಅವರೆಕಾಳಿನ ಕಾಲ ಬಂದರೆ ನನಗೆ ಹೊಟ್ಟೆಯುಬ್ಬರ ತಪ್ಪಿದ್ದಲ್ಲ. ನನ್ನ ಹೆಂಡತಿ ಪ್ರತಿಯೊಂದಕ್ಕೂ ಇಂಗು ಹಾಕುತ್ತಾಳೆ. ಇದರಲ್ಲಿ ನಿಜವಾಗಿ ಗುಣವಿದೆಯೇ ಅಥವಾ ಬರೀ ವಾಸನೆಯೇ? ಇದ್ದರೆ ಎಷ್ಟು, ಹೇಗೆ?
— ಧಾರವಾಡ

ಮೇಷ್ಟ್ರೇ, ಮೊದಲು ಅವರೆಕಾಳಿನ ಕಿತಾಪತಿಯನ್ನು ನೋಡೋಣ. ಬೇಳೆಕಾಳುಗಳಲ್ಲಿ ರ‍್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಯ ಸರಪಳಿಗಳಿವೆ. ಅವುಗಳನ್ನು ಕತ್ತರಿಸುವ ಕತ್ತರಿ ನಮ್ಮ ಸಣ್ಣಕರುಳಿನಲ್ಲಿ ಇಲ್ಲ. ಅವು ಹಾಗೆಯೇ ದೊಡ್ಡಕರುಳಿಗೆ ಇಳಿದಾಗ ಅಲ್ಲಿ ಕಾದು ಕುಳಿತ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅವು ಉಂಡು ಬಿಟ್ಟ ಅನಿಲವೇ ನಿಮ್ಮ ಉಬ್ಬರ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ಆ ಸಕ್ಕರೆಯ ಒಂದಷ್ಟು ಪಾಲು ಮೋರಿಗೆ ಹೋಗುತ್ತದೆ. ಇದು ಇಂಗಿಗಿಂತ ಅಗ್ಗದ ಮದ್ದು. ಸಾರಿನ ರುಚಿ ಹೋಗುತ್ತದೆಂದು ನೆನೆಸಿದ ನೀರನ್ನೇ ಕುದಿಸುವವರು ನಮ್ಮ ಮನೆಯಲ್ಲೂ ಇದ್ದಾರೆ. ಅವರಿಗೆ ನಾನು ಏನೂ ಹೇಳುವುದಿಲ್ಲ, ಊಟ ಅಲ್ಲೇ ಆಗಬೇಕು.

ಈಗ ಇಂಗು. ಇದು ಇರಾನ್, ಆಫ್ಘಾನಿಸ್ತಾನದ ಒಣ ಬೆಟ್ಟಗಳಲ್ಲಿ ಬೆಳೆಯುವ ಫೆರುಲಾ ಎಂಬ ಗಿಡದ ಬೇರಿನ ಹಾಲು. ನಾಲ್ಕೈದು ವರ್ಷ ಬಲಿತ ಗಿಡದ ಬೇರಿನ ತಲೆಯನ್ನು ಕೊಯ್ದರೆ ಹಾಲು ಒಸರುತ್ತದೆ, ಒಣಗಿ ಅಂಟಾಗುತ್ತದೆ, ಅದನ್ನು ಕೆರೆದು ತೆಗೆದು ಮತ್ತೆ ಕೊಯ್ಯುತ್ತಾರೆ. ಸುಮಾರು ಅರ್ಧ ಪಾಲು ರಾಳ, ಕಾಲು ಪಾಲು ಅಂಟು, ಉಳಿದದ್ದರಲ್ಲಿ ಹೆಚ್ಚಿನದು ಗಾಳಿಗೆ ಹಾರುವ ಎಣ್ಣೆ. ಮೂಗು ಮುಚ್ಚಿಸುವುದು ಆ ಎಣ್ಣೆಯಲ್ಲಿರುವ ಗಂಧಕದ ಸಂಯುಕ್ತಗಳು. ಬಿಸಿ ತುಪ್ಪಕ್ಕೆ ಬಿದ್ದರೆ ಅದೇ ನಾತ ಈರುಳ್ಳಿ-ಬೆಳ್ಳುಳ್ಳಿ ಹುರಿದ ಘಮಕ್ಕೆ ತಿರುಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಮಡಿ ಅಡುಗೆಮನೆಗಳಲ್ಲಿ ಇಂಗಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ಸುಮ್ಮನೆ ಅಲ್ಲ.

ಗುಣ ಇದೆಯೇ ಎಂದರೆ, ಇದೆ ಎನ್ನುವ ಕಡೆಗೇ ನನ್ನ ಒಲವು. ಗಿನಿಯಿಲಿಯ ಕರುಳಿನ ತುಂಡನ್ನು ದ್ರವದಲ್ಲಿ ತೂಗುಬಿಟ್ಟು ಇಂಗಿನ ಸಾರವನ್ನು ಹಾಕಿದಾಗ ಬಿಗಿದ ಸ್ನಾಯು ಸಡಿಲವಾಗಿದ್ದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ನುಲಿಯುವ ಹೊಟ್ಟೆಗೆ ಇಂಗು ಹಿತವೆನ್ನಿಸುವುದಕ್ಕೆ ಅದು ಒಂದು ಕಾರಣ ಇರಬಹುದು. ಆದರೆ ಮೇಷ್ಟ್ರ ಹೊಟ್ಟೆ ಗಿನಿಯಿಲಿಯ ಕರುಳಲ್ಲ, ಅಷ್ಟನ್ನು ನೆನಪಿಡಿ.

ಪ್ರಮಾಣ ಕೇಳಿದ್ದೀರಿ. ಆಯುರ್ವೇದದಲ್ಲಿ ಶೋಧಿಸಿದ ಹಿಂಗುವಿಗೆ ಹೇಳಿರುವುದು 125ರಿಂದ 500 ಮಿಲಿಗ್ರಾಂ. ಶೋಧನೆ ಎಂದರೆ ಮಂತ್ರವೇನಲ್ಲ, ತುಪ್ಪದಲ್ಲಿ ಹುರಿಯುವುದು. ನಮ್ಮ ತಂದೆ ಇದನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಮೇಲೆ ಮಾಡುತ್ತಿದ್ದರು. ಕಬ್ಬಿಣದ ಪುಟ್ಟ ಸೌಟು, ಅದರಲ್ಲಿ ಹಸುವಿನ ತುಪ್ಪ, ಸಣ್ಣ ಉರಿ. ಹೆಸರುಕಾಳಿನಷ್ಟು ಇಂಗಿನ ಚೂರನ್ನು ಬಿಟ್ಟರೆ ಮೊದಲು ಮೆತ್ತಗಾಗಿ ಸೌಟಿಗೆ ಅಂಟುತ್ತದೆ, ಆಮೇಲೆ ಮೈಯೆಲ್ಲ ಗುಳ್ಳೆಯೆದ್ದು ಅರಳು ಹುರಿದ ಹಾಗೆ ಉಬ್ಬುತ್ತದೆ. ಆ ಗಳಿಗೆಗೆ ಸೌಟನ್ನು ಇಳಿಸಬೇಕು. ಒಂದು ಉಸಿರು ತಡವಾದರೆ ಅಂಚು ಕಪ್ಪಾಗಿ ಕಹಿ ಏರುತ್ತದೆ. ಆರಿದ ಮೇಲೆ ಬೆರಳಿನಲ್ಲಿ ಒತ್ತಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಕಹಿಯಾದದ್ದನ್ನು ಅಪ್ಪ ಎಸೆಯುತ್ತಿದ್ದರು, ಎಷ್ಟೇ ದುಬಾರಿಯಾಗಿರಲಿ. ನಾನು ಎಸೆಯುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಹೀಗೆ ಹುರಿದ ಪುಡಿಯನ್ನು ಒಂದು ಸಣ್ಣ ಚಿಟಿಕೆ, ಉಪ್ಪು, ಹುರಿದು ಕುಟ್ಟಿದ ಜೀರಿಗೆಯ ಜೊತೆ ತೆಳ್ಳಗಿನ ಮಜ್ಜಿಗೆಗೆ ಹಾಕಿ ಮಧ್ಯಾಹ್ನದ ಊಟದ ಕೊನೆಗೆ ಕುಡಿಯಿರಿ. ಇನ್ನೂ ಬೇಕೆಂದರೆ ಹಿಂಗ್ವಾಷ್ಟಕ ಚೂರ್ಣ ಇದೆ: ಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಸೈಂಧವ ಲವಣ, ಜೀರಿಗೆ, ಕರಿಜೀರಿಗೆ, ಎಂಟನೆಯದು ಇಂಗು. ಅಜಮೋದದ ಜಾಗಕ್ಕೆ ನಾವು ಓಮವನ್ನೇ ಹಾಕುತ್ತಿದ್ದೆವು. ಅದನ್ನು ತಿನ್ನುವ ಕ್ರಮ ಸೊಗಸಾಗಿದೆ: ಬಿಸಿ ಅನ್ನಕ್ಕೆ ತುಪ್ಪ ಬಿಟ್ಟು, ಚೂರ್ಣ ಕಲಸಿ, ಊಟದ ಮೊದಲ ತುತ್ತಾಗಿ ತಿನ್ನಬೇಕು. ಬರಿಹೊಟ್ಟೆಗೆ ನೀರಿನಲ್ಲಿ ಕದಡಿ ಗಟಗಟ ಕುಡಿಯುವುದಲ್ಲ. ಎದೆಯುರಿ, ಹುಳಿತೇಗು, ಹೊಟ್ಟೆಯ ಹುಣ್ಣು ಇರುವವರಿಗೆ ಇದು ಉರಿಯ ಮೇಲೆ ತುಪ್ಪ. ಅಂಥವರು ಮುಟ್ಟಬೇಡಿ. ಚೂರ್ಣದಲ್ಲಿ ಉಪ್ಪಿರುವುದರಿಂದ ರಕ್ತದೊತ್ತಡದವರು ಲೆಕ್ಕ ಇಟ್ಟುಕೊಳ್ಳಿ.

ಹನ್ನೆರಡು ವರ್ಷದ ನನ್ನ ಮಗನಿಗೆ ಆಗಾಗ ಹೊಟ್ಟೆನೋವು. ಹೊಕ್ಕುಳ ಸುತ್ತ ಇಂಗು ಅರೆದು ಹಚ್ಚಿದರೆ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಹೀಗೆಯೇ ಮುಂದುವರಿಸಬಹುದೇ?
— ಮಂಡ್ಯ

ಮೇಲೆ ಹೇಳುತ್ತೇನೆ ಎಂದ ಕಥೆಯನ್ನು ಇಲ್ಲಿ ಹೇಳಿಬಿಡುತ್ತೇನೆ.

1991ರ ಗೌರಿ ಹಬ್ಬದ ಮರುದಿನ. ನನ್ನ ಮಗಳಿಗೆ ಆಗ ಹನ್ನೊಂದು. ಹಿಂದಿನ ದಿನ ಹೋಳಿಗೆ, ಆಂಬೊಡೆ ಎಲ್ಲ ಆಗಿತ್ತು. ಬೆಳಿಗ್ಗೆ ಎದ್ದವಳೇ ಹೊಕ್ಕುಳ ಹತ್ತಿರ ನೋವು ಎಂದಳು, ತಿಂಡಿ ಬೇಡವೆಂದಳು, ಒಮ್ಮೆ ವಾಂತಿ ಮಾಡಿದಳು. ಹಬ್ಬದ ಮರುದಿನದ ಹೊಟ್ಟೆನೋವಿಗೆ ಗ್ರಂಥಿಗೆ ಅಂಗಡಿಯವನು ಡಾಕ್ಟರ ಹತ್ತಿರ ಹೋಗುತ್ತಾನೆಯೇ? ಒಳ್ಳೆಯ ಹಾಲಿಂಗನ್ನೇ ತೇಯ್ದು, ಬೆಚ್ಚಗೆ ಮಾಡಿ, ಹೊಕ್ಕುಳ ಸುತ್ತ ದುಂಡಗೆ ಹಚ್ಚಿ ಅಂಗಡಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದು ‘ಹೊಕ್ಕುಳ ನೋವು ಹೇಗಿದೆ’ ಎಂದು ಕೇಳಿದೆ. ‘ಅಲ್ಲಿ ಹೋಯಿತು ಅಪ್ಪಾ’ ಎಂದಳು. ನೋಡಿದೆಯಾ ಎಂದು ಹೆಂಡತಿಯ ಮುಂದೆ ಬೀಗಿದೆ. ಮಗಳು ಮಾತು ಮುಗಿಸಿರಲಿಲ್ಲ. ‘ಈಗ ಇಲ್ಲಿ’ ಎಂದು ಬಲಗಡೆ, ಸೊಂಟದ ಮೂಳೆಗೆ ಹತ್ತಿರ, ಕೆಳಹೊಟ್ಟೆಯನ್ನು ತೋರಿಸಿದಳು. ನಡೆಯುವಾಗ ಬಲಕ್ಕೆ ಬಾಗಿಯೇ ನಡೆಯುತ್ತಿದ್ದಳು.

ನಾನು ಅಲ್ಲಿಗೂ ಇಂಗು ಹಚ್ಚಿದೆ.

ಸಂಜೆ ಜ್ವರ ಏರಿದಾಗ ಹೆಂಡತಿ ನನ್ನನ್ನು ಕೇಳದೆ ಆಟೋ ಕರೆಸಿದಳು. ಅಪೆಂಡಿಸೈಟಿಸ್. ಆ ರಾತ್ರಿಯೇ ಶಸ್ತ್ರಚಿಕಿತ್ಸೆ ಆಯಿತು. ಕರುಳಬಾಲ ಒಡೆಯುವುದರಲ್ಲಿತ್ತಂತೆ. ಮೇಜಿನ ಮೇಲೆ ಮಲಗಿಸಿದಾಗ ಹೊಟ್ಟೆಯ ತುಂಬ ಒಣಗಿದ ಇಂಗನ್ನು ನೋಡಿ, ‘ಇವಳ ತಂದೆ ಅಡುಗೆಯವರೇ?’ ಎಂದು ಶಸ್ತ್ರವೈದ್ಯರು ಕೇಳಿದರಂತೆ. ನರ್ಸ್ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ತಿಳಿಯಿತು: ಈ ಕಾಯಿಲೆಯ ನೋವು ಎಷ್ಟೋ ಸಲ ಹೊಕ್ಕುಳ ಸುತ್ತಲೇ ಶುರುವಾಗಿ, ಕೆಲವು ಗಂಟೆಗಳಲ್ಲಿ ಬಲ ಕೆಳಹೊಟ್ಟೆಗೆ ಸರಿಯುತ್ತದೆ. ಇಂಗು ಹಚ್ಚಿದರೂ ಸರಿಯುತ್ತದೆ, ಹಚ್ಚದಿದ್ದರೂ ಸರಿಯುತ್ತದೆ. ನೋವು ಜಾಗ ಬಿಟ್ಟದ್ದನ್ನು ನಾನು ನೋವು ಬಿಟ್ಟದ್ದೆಂದು ತಿಳಿದೆ.

ನಿಮ್ಮ ಮಗನದು ಇದೇ ಎಂದು ನಾನು ಹೇಳುತ್ತಿಲ್ಲ. ಆ ವಯಸ್ಸಿನ ಹೊಟ್ಟೆನೋವಿಗೆ ಮಲಬದ್ಧತೆ, ಜಂತುಹುಳು, ಶಾಲೆಯ ಭಯ ಹೀಗೆ ಹತ್ತು ಕಾರಣಗಳಿರುತ್ತವೆ. ‘ಆಗಾಗ’ ಎಂದು ನೀವೇ ಬರೆದಿದ್ದೀರಲ್ಲ, ಅದಕ್ಕಾಗಿಯೇ ಒಮ್ಮೆ ಡಾಕ್ಟರಿಗೆ ತೋರಿಸಿ. ಅರ್ಧ ಗಂಟೆಯಲ್ಲಿ ಇಳಿಯುವ ನೋವು ಬಹಳ ಸಲ ಏನೂ ಹಚ್ಚದಿದ್ದರೂ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ನೋವು ಬಲಕ್ಕೆ ಸರಿದರೆ, ಜ್ವರ, ವಾಂತಿ ಸೇರಿದರೆ, ಹುಡುಗ ಬಗ್ಗಿಕೊಂಡು ನಡೆದರೆ ಅಡುಗೆಮನೆಯ ಕಡೆ ತಿರುಗಲೇಬೇಡಿ. ಕುಡಿಯಲು, ತಿನ್ನಲು ಏನನ್ನೂ ಕೊಡದೆ ಕರೆದುಕೊಂಡು ಹೋಗಿ.

ಇಂಗಿನಲ್ಲಿ ಹಿಟ್ಟೇ ಜಾಸ್ತಿ ಎಂದು ಬರೆದು ನಮ್ಮನ್ನು ಹೆದರಿಸಿದ್ದೀರಿ. ಹಾಗಾದರೆ ಅದು ಕಲಬೆರಕೆಯೇ? ನಾವು ಕೊಳ್ಳುವುದು ಹೇಗೆ?
— ಗೃಹಿಣಿ, ಹಾಸನ

ಹೆದರಬೇಡಿ ಅಮ್ಮಾ, ಅದು ಕಳ್ಳತನವಲ್ಲ. ಅಪ್ಪಟ ಇಂಗಿನ ಘಾಟನ್ನು ಅಡುಗೆಯಲ್ಲಿ ಹತೋಟಿಗೆ ತರುವುದು ಕಷ್ಟ. ಆದ್ದರಿಂದ ಗೋಧಿ ಹಿಟ್ಟು ಅಥವಾ ಮೈದಾ, ಗೋಂದು ಬೆರೆಸಿ ಹದಮಾಡಿ ಮಾರುತ್ತಾರೆ. ಉತ್ತರದವರು ಅದನ್ನು ‘ಬಂಧಾನಿ’ ಎನ್ನುತ್ತಾರೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯವರು ಮನೆಯಲ್ಲಿದ್ದರೆ ಮಾತ್ರ ಇದು ದೊಡ್ಡ ವಿಷಯ. ಒಂದು ಚಿಟಿಕೆ ಇಂಗು ಅವರ ಕರುಳನ್ನು ಕೆರಳಿಸಬಹುದು. ಅಂಥವರಿಗೆ ಅಕ್ಕಿಹಿಟ್ಟು ಬೆರೆಸಿದ್ದನ್ನೋ, ಏನೂ ಬೆರೆಸದ್ದನ್ನೋ ಹುಡುಕಿ ತನ್ನಿ.

ಗಟ್ಟಿ ಇಂಗನ್ನು ಪರೀಕ್ಷಿಸಲು ಸ್ಟೀಲ್ ಚಮಚದಲ್ಲಿ ಒಂದು ಚೂರಿಟ್ಟು ಬೆಂಕಿ ತಾಗಿಸಿ. ಅಪ್ಪಟವಾಗಿದ್ದರೆ ಕರ್ಪೂರದ ಹಾಗೆ ಉರಿಯುತ್ತದೆ. ನೀರಿಗೆ ಹಾಕಿ ಕದಡಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ತಳದಲ್ಲಿ ಮಣ್ಣಿನಂಥದ್ದು ಕುಳಿತರೆ ಅಂಗಡಿಯವನಿಗೆ ಹಿಂದಿರುಗಿಸಿ.

ದುಬಾರಿ ಏಕೆಂದರೆ ನಮ್ಮಲ್ಲಿ ಇತ್ತೀಚಿನವರೆಗೆ ಬೆಳೆಯುತ್ತಿರಲಿಲ್ಲ. ವರ್ಷಕ್ಕೆ ಸುಮಾರು 1,200 ಟನ್ ಕಚ್ಚಾ ಇಂಗು ಹೊರಗಿನಿಂದ ಬರುತ್ತಿತ್ತು. ಜಗತ್ತಿನಲ್ಲೇ ಹೆಚ್ಚು ಇಂಗು ತಿನ್ನುವವರಲ್ಲಿ ನಾವು ಮುಂದೆ, ಬೆಳೆಯುವುದರಲ್ಲಿ ಸೊನ್ನೆಯಾಗಿದ್ದೆವು. ಪಾಲಂಪುರದ ಸಂಶೋಧನಾ ಸಂಸ್ಥೆಯವರು ಇರಾನಿನಿಂದ ಬೀಜ ತರಿಸಿ, ಹಿಮಾಚಲದ ಲಾಹೌಲ್ ಕಣಿವೆಯ ಕ್ವಾರಿಂಗ್ ಎಂಬ ಹಳ್ಳಿಯಲ್ಲಿ 2020ರ ಅಕ್ಟೋಬರ್ 15ರಂದು ಮೊದಲ ಸಸಿ ನೆಟ್ಟರು. ಹಾಲು ಒಸರಲು ಐದು ವರ್ಷ ಬೇಕಾಗುವ ಗಿಡ. ಹಾಸನದ ಅಂಗಡಿಗೆ ಬರುವ ಹೊತ್ತಿಗೆ ನಿಮ್ಮ ಮೊಮ್ಮಗಳು ಅಡುಗೆ ಕಲಿತಿರುತ್ತಾಳೆ.

ಹೃದಯದ ಕವಾಟ ಬದಲಿಸಿಕೊಂಡವನು ನಾನು, ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇಂಗಿನ ನೀರು ಕುಡಿದರೆ ಬೊಜ್ಜು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಇಳಿಯುತ್ತದೆ ಎಂದು ಮೊಬೈಲಿನಲ್ಲಿ ನೋಡಿ ಶುರುಮಾಡಿದ್ದೇನೆ.
— ಮಂಗಳೂರು

ಇವತ್ತೇ ನಿಲ್ಲಿಸಿ. ಇಂಗಿನಲ್ಲಿ ನಿಮ್ಮ ವಾರ್ಫರಿನ್ನಿನ ಕುಲಕ್ಕೇ ಸೇರಿದ ಕೂಮರಿನ್ ಜಾತಿಯ ವಸ್ತುಗಳಿವೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು ಇಂಗನ್ನು ಮದ್ದಿನ ಪ್ರಮಾಣದಲ್ಲಿ ಸೇವಿಸಕೂಡದು. ಕುಡಿದದ್ದನ್ನು ಮುಂದಿನ ರಕ್ತಪರೀಕ್ಷೆಗೆ ಹೋದಾಗ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಸಾರಿನ ಒಗ್ಗರಣೆಯಲ್ಲಿ ಬೀಳುವ ಚಿಟಿಕೆ ಬೇರೆ, ಅದನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಬಸುರಿಯರಿಗೂ ಇದೇ ಮಾತು. ಮೊಬೈಲಿನಲ್ಲಿ ಹೇಳಿದವರಿಗೆ ನಿಮ್ಮ ಕವಾಟದ ವಿಷಯ ಗೊತ್ತಿರಲಿಲ್ಲ.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಓದುತ್ತಿದ್ದೇನೆ. ಅಮ್ಮ ಕಳಿಸಿದ ಇಂಗಿನ ಡಬ್ಬಿ ತೆರೆದ ದಿನದಿಂದ ಕೋಣೆಯ ಜೊತೆಗಾರ ಮಾತು ಬಿಟ್ಟಿದ್ದಾನೆ.

ಜರ್ಮನ್ ಭಾಷೆಯಲ್ಲಿ ಇಂಗಿನ ಹೆಸರೇ ‘ಸೈತಾನನ ಹೊಲಸು’ ಎಂಬ ಅರ್ಥದ್ದು. ಹುಡುಗನದು ತಪ್ಪಿಲ್ಲ. ಪ್ಲಾಸ್ಟಿಕ್ ಡಬ್ಬಿ ಇಂಗನ್ನು ತಡೆಯುವುದಿಲ್ಲ. ಬಿಗಿ ಮುಚ್ಚಳದ ಗಾಜಿನ ಶೀಶೆಗೆ ತುಂಬಿ, ಅದನ್ನು ಸ್ಟೀಲ್ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ಕಿಟಕಿಯ ಬಳಿ ಇಡಿ. ನಂತರ ಒಂದು ಸಂಜೆ ಅವನಿಗೆ ತುಪ್ಪದಲ್ಲಿ ಇಂಗಿನ ಒಗ್ಗರಣೆ ಕೊಟ್ಟ ತಿಳಿಸಾರು ಮಾಡಿ ಬಡಿಸಿ. ಡಬ್ಬಿಯನ್ನು ಮಾತ್ರ ತೋರಿಸಬೇಡಿ.

‘ಇಂಗು ತಿಂದ ಮಂಗ’ ಎನ್ನುತ್ತಾರಲ್ಲ, ಮಂಗ ಇಂಗು ತಿಂದದ್ದನ್ನು ನೀವು ನೋಡಿದ್ದೀರಾ?
— ಎಂಟನೆಯ ತರಗತಿ, ಅರಸೀಕೆರೆ

ನೋಡಿದ್ದೇನೆ ಮರಿ. ಗಿರಾಕಿಯೊಬ್ಬರು ಪೊಟ್ಟಣ ಹಿಡಿದು ಜಗಲಿ ಇಳಿಯುತ್ತಿದ್ದಂತೆ ಒಂದು ಕೋತಿ ಕಿತ್ತುಕೊಂಡು ತಗಡಿನ ಮಾಡು ಹತ್ತಿತು. ಬೆಲ್ಲವೆಂದುಕೊಂಡಿತೋ ಏನೋ, ಗಟ್ಟಿ ಇಂಗನ್ನು ಕಚ್ಚಿತು. ತುಟಿ ಹಿಂದಕ್ಕೆ ಹೋಯಿತು, ಕಣ್ಣು ಸಣ್ಣದಾಯಿತು, ನಾಲಿಗೆ ಹೊರಗೆ ಬಂತು. ಅಂಟು ಹಲ್ಲಿಗೆ ಮೆತ್ತಿಕೊಂಡು ಉಗುಳಲೂ ಆಗದು, ನುಂಗಲೂ ಆಗದು. ಬೆರಳಿನಿಂದ ಕೆರೆದು ಕೆರೆದು ತಗಡಿಗೆ ಒರೆಸಿತು, ಬೆರಳು ಮೂಸಿತು, ಮತ್ತೆ ಒರೆಸಿತು. ಇಂಗು-ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎಂಬ ಗಾದೆಯೂ ಇದೆ. ಆ ಕೋತಿಯ ಹತ್ತಿರ ತೆಂಗು ಇರಲಿಲ್ಲ.

ತೀರಿಕೊಂಡ ಅಮ್ಮನ ಪೆಟ್ಟಿಗೆಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಇಂಗಿನ ಗಟ್ಟಿ ಸಿಕ್ಕಿದೆ. ಇಪ್ಪತ್ತು ವರ್ಷದ್ದಾದರೂ ಇರಬೇಕು. ಬಳಸಬಹುದೇ?
— ಚಿತ್ರದುರ್ಗ

ಅಂಟು, ರಾಳ ಬೇಗ ಕೊಳೆಯುವ ವಸ್ತುಗಳಲ್ಲ. ಎಣ್ಣೆ ಮಾತ್ರ ಹಾರಿಹೋಗಿರುತ್ತದೆ. ಹೊರಮೈ ಕಂದುಗೆಂಪಾಗಿ ಕಲ್ಲಿನಂತಾಗಿದ್ದರೆ ಗಾಬರಿಯಾಗಬೇಡಿ, ಹಳೆಯ ಇಂಗು ಇರುವುದೇ ಹಾಗೆ. ಬೂಸ್ಟು, ಹುಳು ಇದೆಯೇ ನೋಡಿ. ಹಿಟ್ಟು ಬೆರೆಸಿದ್ದಾದರೆ ಇರುವ ಸಾಧ್ಯತೆ ಹೆಚ್ಚು, ಇದ್ದರೆ ಎಸೆಯಿರಿ. ಇಲ್ಲದಿದ್ದರೆ ಕುಟ್ಟಾಣಿಯಲ್ಲಿ ಒಡೆದು ಒಳಗಿನ ಒಂದು ಚೂರನ್ನು ಬಿಸಿ ತುಪ್ಪಕ್ಕೆ ಹಾಕಿ. ಉಬ್ಬಿ ಘಮ ಬಂದರೆ ಸಾರಿಗೆ ಹಾಕಿಕೊಳ್ಳಿ, ಮದ್ದಿಗೆ ಬೇಡ. ಘಮ ಬಾರದಿದ್ದರೆ ದಯವಿಟ್ಟು ಪರೀಕ್ಷೆಗೆಂದು ನನಗೆ ಕಳಿಸಬೇಡಿ. ಮೊದಲೇ ಹೇಳಿದೆನಲ್ಲ, ಲಕೋಟೆಯಲ್ಲಿ ಬಂದ ಪೊಟ್ಟಣ: ಅದನ್ನಿಟ್ಟಿದ್ದ ಸಂಪಾದಕರ ಮೇಜಿನ ಡ್ರಾಯರು ಈಗಲೂ ನಾರುತ್ತಿದೆ, ಅದರಲ್ಲಿದ್ದ ಕವಿತೆಗಳ ಸಮೇತ.